ಹಳೆಯ ಮನೆಗಳ ಪ್ಲಗ್ ಪಾಯಿಂಟ್‌ಗಳಲ್ಲಿನ ವಿದ್ಯುತ್ ದೋಷಗಳು: ಪತ್ತೆ ಮತ್ತು ಪರಿಹಾರ (ಶ್ರೀರಂಗಪಟ್ಟಣ ಹಾಗೂ ನೆರೆಯ ತಾಲ್ಲೂಕುಗಳ ಗ್ರಾಹಕರ ಮಾಹಿತಿಗಾಗಿ)

1. ಪೀಠಿಕೆ

ಶ್ರೀರಂಗಪಟ್ಟಣವು ಕಾವೇರಿ ನದಿಯ ಎರಡು ಕವಲುಗಳ ನಡುವೆ ಇರುವ ದ್ವೀಪವಾಗಿದೆ. ಪಟ್ಟಣದಲ್ಲಿ ಹಾಗೂ ಗಂಜಾಂ, ಪಾಲಹಳ್ಳಿ, ಬೆಳಗೊಳ ಮುಂತಾದ ಕಡೆಗಳಲ್ಲಿ ಮಣ್ಣಿನ ಅಥವಾ ಗಾರೆಯ ಗೋಡೆಯುಳ್ಳ ಹಳೆಯ ಹೆಂಚಿನ ಮನೆಗಳು ಇಂದಿಗೂ ಬಳಕೆಯಲ್ಲಿವೆ. ನಾಲ್ಕಾರು ದೀಪ ಮತ್ತು ಒಂದು ರೇಡಿಯೋಗಾಗಿ ಹಾಕಿದ ವೈರಿಂಗ್‌ನಿಂದಲೇ ಈಗ ಫ್ರಿಜ್, ಮಿಕ್ಸಿ, ವಾಷಿಂಗ್ ಮೆಷಿನ್ ಹಾಗೂ ಗೀಸರ್‌ಗಳಿಗೂ ವಿದ್ಯುತ್ ಪಡೆಯಲಾಗುತ್ತಿರುವುದು ಸಾಮಾನ್ಯ.

ಪ್ಲಗ್ ಪಾಯಿಂಟ್‌ನಿಂದ ಉಪಕರಣವು ಕೆಲಸ ಮಾಡುತ್ತಿದೆ ಎಂಬ ಮಾತ್ರಕ್ಕೆ ಆ ಪಾಯಿಂಟ್ ಸುರಕ್ಷಿತವೆಂದು ಭಾವಿಸಕೂಡದು. ಉಪಕರಣವು ನಡೆಯಲು ಫೇಸ್ ಮತ್ತು ನ್ಯೂಟ್ರಲ್ ತಂತಿಗಳೆರಡೇ ಸಾಕು. ಪ್ರಾಣವನ್ನು ಕಾಪಾಡುವುದು ಮೂರನೆಯ ತಂತಿಯಾದ ಅರ್ಥ್, ಅಂದರೆ ಭೂಸಂಪರ್ಕ. ಈ ತಂತಿಯು ತುಂಡಾಗಿದ್ದರೆ ದೀಪ ಆರುವುದಿಲ್ಲ, ಫ್ಯೂಸ್ ಹೋಗುವುದಿಲ್ಲ. ಉಪಕರಣದ ಲೋಹದ ಹೊರಮೈಗೆ ವಿದ್ಯುತ್ ಹರಿದು, ಅದನ್ನು ಯಾರಾದರೂ ಮುಟ್ಟಿದಾಗಲೇ ದೋಷವು ತಿಳಿದುಬರುತ್ತದೆ.

2. ಈ ಭಾಗದಲ್ಲಿ ದೋಷಕ್ಕೆ ಸಾಮಾನ್ಯ ಕಾರಣಗಳು

(ಅ) ತೇವಾಂಶ: ನದಿ, ನಾಲೆ ಮತ್ತು ಗದ್ದೆ ಬಯಲಿಗೆ ಹೊಂದಿದ ಮನೆಗಳಲ್ಲಿ ತೇವವು ತಳಪಾಯದಿಂದ ಗೋಡೆಗೆ ಏರುತ್ತದೆ. ಬಚ್ಚಲು ಮತ್ತು ಅಡುಗೆಮನೆಯ ಗೋಡೆಗಳಲ್ಲಿರುವ ಸ್ವಿಚ್ ಪೆಟ್ಟಿಗೆಗಳು ಇದರಿಂದ ಮೊದಲು ಕೆಡುತ್ತವೆ.

(ಆ) ಒಣಗಿದ ಅರ್ಥ್ ಗುಂಡಿ: ನಾಗಮಂಗಲ ತಾಲ್ಲೂಕಿನಂತಹ ಒಣ ಭೂಮಿಯಲ್ಲಿ ಸಮಸ್ಯೆಯು ಇದಕ್ಕೆ ವಿರುದ್ಧವಾದುದು. ಬೇಸಿಗೆಯಲ್ಲಿ ಗುಂಡಿಯ ಮಣ್ಣು ಒಣಗಿದಾಗ ಭೂಸಂಪರ್ಕವು ದುರ್ಬಲವಾಗುತ್ತದೆ. ಗುಂಡಿಗೆ ನಿಯಮಿತವಾಗಿ ನೀರು ಹಾಕತಕ್ಕದ್ದು.

(ಇ) ಹಳೆಯ ತಂತಿ: ಮರದ ಪಟ್ಟಿಯ ಮೇಲೆ ಎಳೆದ ಹಳೆಯ ರಬ್ಬರ್ ಹೊದಿಕೆಯ ತಂತಿಗಳು ಒಣಗಿ ಉದುರುತ್ತವೆ. ಅಲ್ಯೂಮಿನಿಯಂ ತಂತಿಗಳು ಸ್ಕ್ರೂ ಬಿಗಿದ ಜಾಗದಲ್ಲಿ ಕಾಲಕ್ರಮೇಣ ಸಡಿಲಗೊಂಡು ಬಿಸಿಯಾಗುತ್ತವೆ.

(ಈ) ನೀರಿನ ಪೈಪಿಗೆ ಕೊಟ್ಟ ಅರ್ಥ್: ಹಿಂದೆ ಕಬ್ಬಿಣದ ನಲ್ಲಿ ಪೈಪಿಗೆ ಅರ್ಥ್ ತಂತಿ ಸುತ್ತುವ ರೂಢಿಯಿತ್ತು. ಅಂತಹ ಪೈಪನ್ನು ಪ್ಲಾಸ್ಟಿಕ್ ಪೈಪಿಗೆ ಬದಲಾಯಿಸಿದ್ದಲ್ಲಿ ಆ ಭೂಸಂಪರ್ಕವು ಇಲ್ಲವಾಗಿರುತ್ತದೆ.

3. ಗ್ರಾಹಕರು ತಾವೇ ಗಮನಿಸಬಹುದಾದ ಲಕ್ಷಣಗಳು

• ಸಾಕೆಟ್ ಅಥವಾ ಪ್ಲಗ್ ಬಿಸಿಯಾಗುವುದು, ಕಂದು ಬಣ್ಣಕ್ಕೆ ತಿರುಗುವುದು, ಸುಟ್ಟ ವಾಸನೆ ಬರುವುದು.
• ಸ್ವಿಚ್ ಹಾಕಿದಾಗ ಚಟಪಟ ಶಬ್ದ ಕೇಳಿಬರುವುದು.
• ಫ್ರಿಜ್, ಗ್ರೈಂಡರ್ ಅಥವಾ ಇಸ್ತ್ರಿಪೆಟ್ಟಿಗೆಯನ್ನು ಮುಟ್ಟಿದಾಗ ಜುಮ್ಮೆನ್ನುವುದು. ಇದನ್ನು ಅಲ್ಪ ದೋಷವೆಂದು ಕಡೆಗಣಿಸಕೂಡದು. ಒದ್ದೆ ನೆಲದಲ್ಲಿ ಬರಿಗಾಲಿನಲ್ಲಿ ನಿಂತಾಗ ಇದೇ ದೋಷವು ಪ್ರಾಣಾಂತಿಕವಾಗಬಲ್ಲದು.
• ಎರಡು ಪಿನ್ನಿನ ಹಳೆಯ ಸಾಕೆಟ್ ಇರುವುದು, ಅಥವಾ ಮೂರು ಪಿನ್ನಿನ ಸಾಕೆಟ್ ಇದ್ದರೂ ಅದಕ್ಕೆ ಅರ್ಥ್ ತಂತಿ ಜೋಡಿಸದಿರುವುದು.

4. ಪರೀಕ್ಷೆಯ ಕ್ರಮ

ಸಾಕೆಟ್ ಬಿಚ್ಚುವ ಕೆಲಸವನ್ನು ಪರವಾನಗಿ ಹೊಂದಿದ ವಿದ್ಯುತ್ ಗುತ್ತಿಗೆದಾರರ ಮುಖಾಂತರವೇ ಮಾಡಿಸತಕ್ಕದ್ದು. ಅವರು ನಡೆಸುವ ಪರೀಕ್ಷೆಗಳ ಅರ್ಥವನ್ನು ಗ್ರಾಹಕರು ತಿಳಿದಿರುವುದು ಒಳ್ಳೆಯದು.

ಎದುರಿನಿಂದ ನೋಡಿದಾಗ ಮೂರು ಪಿನ್ನಿನ ಸಾಕೆಟ್‌ನ ಮೇಲಿನ ದೊಡ್ಡ ರಂಧ್ರವು ಅರ್ಥ್, ಬಲಗಡೆಯದು ಫೇಸ್, ಎಡಗಡೆಯದು ನ್ಯೂಟ್ರಲ್ ಆಗಿರಬೇಕು. ಫೇಸ್ ಮತ್ತು ನ್ಯೂಟ್ರಲ್ ನಡುವೆ ಸುಮಾರು 230 ವೋಲ್ಟ್, ಫೇಸ್ ಮತ್ತು ಅರ್ಥ್ ನಡುವೆ ಬಹುತೇಕ ಅಷ್ಟೇ, ನ್ಯೂಟ್ರಲ್ ಮತ್ತು ಅರ್ಥ್ ನಡುವೆ ಕೆಲವೇ ವೋಲ್ಟ್ ಇರತಕ್ಕದ್ದು.

• ಮೊದಲನೆಯದು ಸರಿಯಿದ್ದು ಎರಡನೆಯದು ಸೊನ್ನೆಯಾಗಿದ್ದರೆ ಅಥವಾ ಏರಿಳಿಯುತ್ತಿದ್ದರೆ ಅರ್ಥ್ ತಂತಿ ತುಂಡಾಗಿರುವ ಸಂಭವವಿದೆ.
• ಉಪಕರಣವು ನಡೆಯದೆ, ಎಡ ಮತ್ತು ಬಲ ರಂಧ್ರಗಳೆರಡರಲ್ಲಿಯೂ ಟೆಸ್ಟರ್ ಬೆಳಗಿದರೆ ನ್ಯೂಟ್ರಲ್ ತುಂಡಾಗಿರುವ ಸಂಭವವಿದೆ.
• ಸ್ವಿಚ್ ಆರಿಸಿದ ಮೇಲೂ ಸಾಕೆಟ್‌ನಲ್ಲಿ ಟೆಸ್ಟರ್ ಬೆಳಗಿದರೆ, ಸ್ವಿಚ್ಚನ್ನು ಫೇಸ್ ಬದಲು ನ್ಯೂಟ್ರಲ್ ತಂತಿಗೆ ಜೋಡಿಸಿರಬಹುದು.
• ಅರ್ಥ್ ರಂಧ್ರದಲ್ಲಿ ಟೆಸ್ಟರ್ ಬೆಳಗಿದರೆ ಕೂಡಲೇ ಮೇನ್ ಸ್ವಿಚ್ ಆರಿಸತಕ್ಕದ್ದು.

ಟೆಸ್ಟರ್ ಫೇಸ್ ಇರುವುದನ್ನು ಮಾತ್ರ ತೋರಿಸುತ್ತದೆ. ಅರ್ಥ್ ಸರಿಯಿದೆಯೆಂದು ತೋರಿಸುವುದಿಲ್ಲ. ತುಕ್ಕು ಹಿಡಿದ ಅರ್ಥ್ ತಂತಿಯು ಡಿಜಿಟಲ್ ಮೀಟರಿನಲ್ಲಿ ಸರಿಯಾಗಿ ಕಂಡರೂ, ದೋಷ ಉಂಟಾದಾಗ ಅಧಿಕ ವಿದ್ಯುತ್ತನ್ನು ಭೂಮಿಗೆ ಒಯ್ಯಲಾರದು. ಆದ್ದರಿಂದ ಅರ್ಥ್ ಗುಂಡಿಯ ರೋಧವನ್ನು ಅರ್ಥ್ ಟೆಸ್ಟರಿನಿಂದಲೂ, ತಂತಿಯ ಹೊದಿಕೆಯನ್ನು 500 ವೋಲ್ಟ್ ಮೆಗ್ಗರ್‌ನಿಂದಲೂ ಪರೀಕ್ಷಿಸಬೇಕು. ಮೆಗ್ಗರ್ ಅಳತೆಯು 1 ಮೆಗಾ ಓಮ್‌ಗಿಂತ ಕಡಿಮೆ ಬಂದಲ್ಲಿ ಆ ಭಾಗದ ವೈರಿಂಗ್ ಬದಲಾಯಿಸುವುದು ಸೂಕ್ತ.

5. ಮಾಡಬಾರದ ದುರಸ್ತಿಗಳು

(ಅ) ಅರ್ಥ್ ಇಲ್ಲದ ಕಡೆ, ಸಾಕೆಟ್‌ನಲ್ಲಿಯೇ ನ್ಯೂಟ್ರಲ್‌ನಿಂದ ಅರ್ಥ್‌ಗೆ ತುಂಡು ತಂತಿ ಜೋಡಿಸಕೂಡದು. ಮುಂದೆ ನ್ಯೂಟ್ರಲ್ ತುಂಡಾದಲ್ಲಿ ಉಪಕರಣದ ಹೊರಮೈ ಪೂರ್ತಿಯಾಗಿ 230 ವೋಲ್ಟ್‌ಗೆ ಏರುತ್ತದೆ.

(ಆ) ಫ್ಯೂಸ್ ಪದೇ ಪದೇ ಹೋಗುತ್ತಿದೆಯೆಂದು ದಪ್ಪ ತಾಮ್ರದ ತಂತಿ ಕಟ್ಟಕೂಡದು. ಆಗ ಫ್ಯೂಸಿನ ಬದಲು ಗೋಡೆಯೊಳಗಿನ ತಂತಿಯೇ ಸುಡುತ್ತದೆ.

(ಇ) 6 ಆಂಪಿಯರ್ ಸಾಕೆಟ್‌ನಿಂದ ಗೀಸರ್ ನಡೆಸಕೂಡದು. ಅದಕ್ಕೆ ಪ್ರತ್ಯೇಕ ತಂತಿಯ 16 ಆಂಪಿಯರ್ ಪಾಯಿಂಟ್ ಅಗತ್ಯ.

6. ಆರ್‌ಸಿಸಿಬಿ ಅಳವಡಿಕೆ

ಫೇಸ್‌ನಲ್ಲಿ ಹೋದ ವಿದ್ಯುತ್ ಮತ್ತು ನ್ಯೂಟ್ರಲ್‌ನಲ್ಲಿ ಹಿಂದಿರುಗಿದ ವಿದ್ಯುತ್ ಸಮನಾಗಿಲ್ಲದಿದ್ದರೆ ಈ ಸಾಧನವು ಸಂಪರ್ಕವನ್ನು ಕಡಿತಗೊಳಿಸುತ್ತದೆ. ಮನೆಗಳಿಗೆ 30 ಮಿಲಿ ಆಂಪಿಯರ್‌ನದು ಸೂಕ್ತ. ಇದರ ಟೆಸ್ಟ್ ಗುಂಡಿಯನ್ನು ಆಗಾಗ್ಗೆ ಒತ್ತಿ ನೋಡಬೇಕು. ಆದರೆ ಆ ಗುಂಡಿಯು ಸಾಧನವನ್ನು ಮಾತ್ರ ಪರೀಕ್ಷಿಸುತ್ತದೆ. ಅರ್ಥ್ ತಂತಿ ಇದೆಯೇ ಎಂಬುದನ್ನಲ್ಲ. ಆದುದರಿಂದ ಇದು ಭೂಸಂಪರ್ಕಕ್ಕೆ ಬದಲಿಯಲ್ಲ.

ಮಳೆಗಾಲದಲ್ಲಿ ಆರ್‌ಸಿಸಿಬಿ ಪದೇ ಪದೇ ಬೀಳುತ್ತಿದ್ದರೆ ಅದನ್ನು ತೆಗೆದುಹಾಕಕೂಡದು. ಎಲ್ಲಾ ಪ್ಲಗ್‌ಗಳನ್ನು ಹೊರತೆಗೆದು ಅದನ್ನು ಮತ್ತೆ ಏರಿಸಬೇಕು. ನಿಂತರೆ ಉಪಕರಣಗಳನ್ನು ಒಂದೊಂದಾಗಿ ಜೋಡಿಸಿ ದೋಷಯುಕ್ತವಾದುದನ್ನು ಗುರುತಿಸಬಹುದು. ಆಗಲೂ ಬಿದ್ದರೆ ದೋಷವು ವೈರಿಂಗ್‌ನಲ್ಲಿಯೇ ಇರುವ ಸಾಧ್ಯತೆ ಹೆಚ್ಚು.

7. ನೆರೆ ನೀರು ಹೊಕ್ಕ ಮನೆಗಳಿಗೆ ಸೂಚನೆ

2018, 2019 ಮತ್ತು 2024ರ ಮಳೆಗಾಲಗಳಲ್ಲಿ ಕೃಷ್ಣರಾಜಸಾಗರದಿಂದ ಅಧಿಕ ನೀರು ಬಿಟ್ಟಾಗ ನದಿತೀರದ ತಗ್ಗು ಪ್ರದೇಶಗಳು ಜಲಾವೃತವಾಗಿದ್ದವು. ಇಂತಹ ಮುನ್ಸೂಚನೆ ಬಂದಾಗ, ನೀರು ಬರುವ ಮೊದಲೇ ಮೇನ್ ಸ್ವಿಚ್ ಆರಿಸತಕ್ಕದ್ದು. ನೀರಿನಲ್ಲಿ ನಿಂತು ಮೇನ್ ಸ್ವಿಚ್ ಮುಟ್ಟಕೂಡದು. ನೀರು ಇಳಿದ ನಂತರ, ಮುಳುಗಿದ್ದ ಸಾಕೆಟ್ ಮತ್ತು ಸ್ವಿಚ್‌ಗಳನ್ನು ಒಣಗಿಸಿ ಬಳಸದೆ ಬದಲಾಯಿಸಬೇಕು. ಮೆಗ್ಗರ್ ಪರೀಕ್ಷೆಯಾಗುವವರೆಗೆ ವಿದ್ಯುತ್ ಹಾಯಿಸಕೂಡದು.

8. ಅಪಘಾತ ಸಂಭವಿಸಿದಲ್ಲಿ

ವಿದ್ಯುತ್ ತಗುಲಿದ ವ್ಯಕ್ತಿಯನ್ನು ನೇರವಾಗಿ ಮುಟ್ಟದೆ ಮೊದಲು ಮೇನ್ ಸ್ವಿಚ್ ಆರಿಸಬೇಕು. ಅದು ಸಾಧ್ಯವಾಗದಿದ್ದಲ್ಲಿ ಒಣಗಿದ ಜಾಗದಲ್ಲಿ ನಿಂತು, ಒಣ ಮರದ ಕೋಲಿನಿಂದ ಬಿಡಿಸಬೇಕು. ಉಸಿರಾಟ ನಿಂತಿದ್ದರೆ ಕೂಡಲೇ ಎದೆ ಒತ್ತುವ ಪ್ರಥಮ ಚಿಕಿತ್ಸೆ ಆರಂಭಿಸಿ, 108ಕ್ಕೆ ಕರೆ ಮಾಡುವುದು.

9. ಯಾರನ್ನು ಸಂಪರ್ಕಿಸಬೇಕು

ಮೀಟರಿನವರೆಗಿನ ದೋಷಗಳಿಗೆ ಚಾಮುಂಡೇಶ್ವರಿ ವಿದ್ಯುತ್ ಸರಬರಾಜು ನಿಗಮದ ಸಹಾಯವಾಣಿ 1912ನ್ನು ಸಂಪರ್ಕಿಸಬಹುದು. ಮೀಟರಿನ ನಂತರದ ವೈರಿಂಗ್ ಗ್ರಾಹಕರ ಹೊಣೆಯಾಗಿರುತ್ತದೆ. ಗುತ್ತಿಗೆದಾರರ ಪರವಾನಗಿಯನ್ನು ಕೇಳಿ ನೋಡುವುದು, ಕೆಲಸ ಮುಗಿದ ನಂತರ ಪರೀಕ್ಷಾ ಅಳತೆಗಳನ್ನು ಲಿಖಿತವಾಗಿ ಪಡೆಯುವುದು ಗ್ರಾಹಕರ ಹಿತದೃಷ್ಟಿಯಿಂದ ಅವಶ್ಯಕ. ಇಡೀ ಮನೆಯ ವೈರಿಂಗ್ ಬದಲಾಯಿಸಲು ಹಣದ ಅನುಕೂಲವಿಲ್ಲದವರು ಭೂಸಂಪರ್ಕ ಮತ್ತು ಆರ್‌ಸಿಸಿಬಿಯನ್ನು ಮೊದಲು ಸರಿಪಡಿಸಿಕೊಂಡು, ಬಚ್ಚಲು ಮತ್ತು ಅಡುಗೆಮನೆಯ ಪಾಯಿಂಟ್‌ಗಳನ್ನು ತದನಂತರ ಬದಲಾಯಿಸಿಕೊಳ್ಳುವಂತೆ ಕೋರಲಾಗಿದೆ.