ಗಂಡನ ಅಡ್ಡಹೆಸರು, ಹೆಂಡತಿಯ ಪೌರತ್ವ

1855ರಲ್ಲಿ ಅಮೆರಿಕದಲ್ಲಿ ಒಂದಕ್ಕೊಂದು ಸಂಬಂಧವಿಲ್ಲದಂತೆ ತೋರುವ ಎರಡು ಘಟನೆಗಳು ನಡೆದವು. ಫೆಬ್ರವರಿಯಲ್ಲಿ ಅಲ್ಲಿನ ಶಾಸನಸಭೆ ಒಂದು ಕಾಯಿದೆಯನ್ನು ಅಂಗೀಕರಿಸಿತು. ಅಮೆರಿಕದ ಪೌರನ ಕೈಹಿಡಿದ ಪರದೇಶದ ಹೆಣ್ಣು ಆ ಮದುವೆಯ ಬಲದಿಂದಲೇ ಅಮೆರಿಕದ ಪೌರಳಾಗುತ್ತಾಳೆ ಎಂಬುದು ಅದರ ಸಾರ. ಅದೇ ವರ್ಷದ ಮೇ ತಿಂಗಳಲ್ಲಿ ಮ್ಯಾಸಚೂಸೆಟ್ಸ್‌ನ ವಾಗ್ಮಿ ಲೂಸಿ ಸ್ಟೋನ್ ಅವರು ಹೆನ್ರಿ ಬ್ಲ್ಯಾಕ್‌ವೆಲ್ ಅವರನ್ನು ಮದುವೆಯಾದರು. ಗಂಡನ ಅಡ್ಡಹೆಸರನ್ನು ಧರಿಸದೆ ತಮ್ಮ ಹುಟ್ಟುಹೆಸರಿನಲ್ಲಿಯೇ ಉಳಿಯಲು ಅವರು ನಿಶ್ಚಯಿಸಿದರು. ಮೊದಲನೆಯ ಘಟನೆ ಹೆಣ್ಣಿನ ಗುರುತನ್ನು ಗಂಡನ ಗುರುತಿನೊಳಗೆ ಸೇರಿಸಿತು. ಎರಡನೆಯದು ಆ ಸೇರ್ಪಡೆಯನ್ನೇ ನಿರಾಕರಿಸಿತು. ಇಂದು ಮದುವೆಯಾಗಿ ಆ ದೇಶಕ್ಕೆ ತೆರಳುವ ನಮ್ಮ ಹೆಣ್ಣುಮಕ್ಕಳು ಹೆಸರಿನ ಕಾಗದಪತ್ರಗಳಿಗಾಗಿ ಪಡುವ ಪಾಡಿನ ಬೇರು ಈ ಹಳೆಯ ವ್ಯಾಜ್ಯದಲ್ಲಿದೆ.

ಅಮೆರಿಕಕ್ಕೆ ಇಂಗ್ಲೆಂಡಿನಿಂದ ಬಂದ ಸಾಮಾನ್ಯ ನ್ಯಾಯದ ಪ್ರಕಾರ ದಂಪತಿಗಳು ಕಾನೂನಿನ ಕಣ್ಣಿಗೆ ಒಬ್ಬರೇ. ಆ ಒಬ್ಬರು ಗಂಡನೇ. ಆಸ್ತಿ, ಕರಾರು, ವ್ಯಾಜ್ಯ ಎಲ್ಲವೂ ಅವನ ಹೆಸರಿನಲ್ಲಿ. ಹೀಗಿದ್ದರೂ ಹೆಂಡತಿ ಗಂಡನ ಅಡ್ಡಹೆಸರನ್ನು ಇಟ್ಟುಕೊಳ್ಳಲೇಬೇಕೆಂದು ಆ ನ್ಯಾಯ ಎಲ್ಲಿಯೂ ವಿಧಿಸಿರಲಿಲ್ಲ. ಮೋಸದ ಉದ್ದೇಶವಿಲ್ಲದಿದ್ದರೆ ಯಾರು ಯಾವ ಹೆಸರಿನಿಂದಲಾದರೂ ಬದುಕಬಹುದೆಂಬುದೇ ಅದರ ತತ್ತ್ವ. ಗಂಡನ ಹೆಸರು ಹಿಡಿಯುವುದು ರೂಢಿಯಾಗಿತ್ತು, ಶಾಸನವಾಗಿರಲಿಲ್ಲ. ಈ ಅಂತರವನ್ನು ಅಳಿಸಿದವು ಕಚೇರಿಗಳು. 1879ರಲ್ಲಿ ಮ್ಯಾಸಚೂಸೆಟ್ಸ್ ಶಾಲಾ ಸಮಿತಿಗಳ ಚುನಾವಣೆಯಲ್ಲಿ ಸ್ತ್ರೀಯರಿಗೆ ಮತಾಧಿಕಾರ ಕೊಟ್ಟಾಗ, ಬ್ಲ್ಯಾಕ್‌ವೆಲ್ ಎಂದು ಬರೆಸದೆ ಹೆಸರು ನೋಂದಾಯಿಸಲಾಗದೆಂಬ ಉತ್ತರ ಲೂಸಿ ಸ್ಟೋನ್ ಅವರಿಗೆ ದೊರೆಯಿತು. ಸ್ತ್ರೀಯರ ಮತಾಧಿಕಾರಕ್ಕಾಗಿ ಜೀವ ತೇಯ್ದ ಅವರು ಹೆಸರನ್ನು ಬಿಡಲೊಪ್ಪದೆ ಮತವನ್ನೇ ಬಿಟ್ಟುಕೊಟ್ಟರು.

ವಲಸೆ ಬಂದ ಹೆಂಡತಿಗೆ ಇಂಥ ಹಟ ಸಾಧ್ಯವಿರಲಿಲ್ಲ. ಅವಳ ಪೌರತ್ವವೇ ಗಂಡನ ಕಾಗದದಲ್ಲಿತ್ತು. 1855ರ ಕಾಯಿದೆಯ ಔದಾರ್ಯಕ್ಕೂ ಮಿತಿಯಿತ್ತು: ಪೌರತ್ವಕ್ಕೆ ಅರ್ಹವೆಂದು ಅಂದು ಎಣಿಸಲಾಗಿದ್ದ ಬಿಳಿಯ ಜನಾಂಗದ ಹೆಣ್ಣಿಗೆ ಮಾತ್ರ ಅದು ಸಲ್ಲುತ್ತಿತ್ತು. 1907ರಲ್ಲಿ ಇದೇ ತರ್ಕವನ್ನು ತಿರುಗಿಸಿ ಪ್ರಯೋಗಿಸಲಾಯಿತು. ಪರದೇಶದವನನ್ನು ಮದುವೆಯಾದ ಅಮೆರಿಕದ ಹೆಣ್ಣು ತನ್ನ ಪೌರತ್ವವನ್ನು ಕಳೆದುಕೊಳ್ಳತೊಡಗಿದಳು. 1915ರಲ್ಲಿ ಅಲ್ಲಿನ ಸರ್ವೋಚ್ಚ ನ್ಯಾಯಾಲಯವೂ ಇದನ್ನು ಎತ್ತಿಹಿಡಿಯಿತು. ಸ್ತ್ರೀಯರು ಮತಾಧಿಕಾರ ಪಡೆದ ಮೇಲೆ, 1922ರ ಕೇಬಲ್ ಕಾಯಿದೆ ಗಂಡಹೆಂಡಿರ ಪೌರತ್ವಗಳನ್ನು ಬೇರ್ಪಡಿಸಿತು. ಅಲ್ಲಿಂದ ಮುಂದೆ ವಲಸೆಗಾರ ಹೆಂಡತಿ ತಾನೇ ಅರ್ಜಿ ಸಲ್ಲಿಸಿ, ತಾನೇ ಪ್ರಮಾಣವಚನ ಸ್ವೀಕರಿಸಿ, ತನ್ನದೇ ಪತ್ರವನ್ನು ಪಡೆಯಬೇಕಾಯಿತು.

ಆದರೆ ಆ ಕಾಯಿದೆ ಒಂದು ಬಾಗಿಲನ್ನು ಮುಚ್ಚಿಯೇ ಇಟ್ಟಿತ್ತು. ಪೌರತ್ವಕ್ಕೆ ಅನರ್ಹನಾದವನನ್ನು, ಎಂದರೆ ಏಷ್ಯಾದವನನ್ನು, ವರಿಸಿದ ಹೆಣ್ಣಿನ ಪೌರತ್ವ ಮೊದಲಿನಂತೆಯೇ ಹೋಗುತ್ತಿತ್ತು. 1923ರಲ್ಲಿ ಭಗತ್ ಸಿಂಗ್ ಥಿಂಡ್ ಅವರ ಮೊಕದ್ದಮೆಯಲ್ಲಿ ಭಾರತೀಯರೂ ಅನರ್ಹರೆಂದು ತೀರ್ಪಾಯಿತು. ಆಗಲೇ ಪೌರತ್ವ ಪಡೆದಿದ್ದ ಭಾರತೀಯರಿಂದ ಅದನ್ನು ಹಿಂದೆಗೆಯುವ ಕ್ರಮಗಳೂ ಆರಂಭವಾದವು. ಬಂಗಾಳದ ಕ್ರಾಂತಿಕಾರಿ ತಾರಕನಾಥ ದಾಸ್ ಅವರನ್ನು ಮದುವೆಯಾಗಿದ್ದ ಮೇರಿ ಕೀಟಿಂಗ್ ಅವರು ಅಮೆರಿಕದಲ್ಲೇ ಹುಟ್ಟಿದವರು. ಆದರೂ ಈ ಮದುವೆಯಿಂದಾಗಿ ಅವರ ಪೌರತ್ವ ಪ್ರಶ್ನೆಗೆ ಒಳಗಾಯಿತು. 1931ರ ತಿದ್ದುಪಡಿಯಿಂದ ಆ ಹೆಂಗಸರ ಸಂಕಟ ನೀಗಿತು. ಭಾರತೀಯರಿಗೆ ಪೌರತ್ವದ ಬಾಗಿಲು ತೆರೆಯಲು 1946ರವರೆಗೆ ಕಾಯಬೇಕಾಯಿತು.

ಕಾನೂನು ಬೇರ್ಪಡಿಸಿದ್ದನ್ನು ಕಾಗದ ಅಷ್ಟು ಸುಲಭವಾಗಿ ಬೇರ್ಪಡಿಸಲಿಲ್ಲ. ಅಮೆರಿಕದ ಹಳೆಯ ಪಾಸ್‌ಪೋರ್ಟುಗಳಲ್ಲಿ ಗಂಡನ ಹೆಸರಿನ ಪಕ್ಕದಲ್ಲಿ ‘ಪತ್ನೀಸಮೇತ’ ಎಂಬರ್ಥದ ಮಾತಷ್ಟೇ ಇರುತ್ತಿತ್ತು. ಪತ್ನಿಗೆ ಹೆಸರೇ ಇಲ್ಲ. ಪತ್ರಕರ್ತೆ ರೂತ್ ಹೇಲ್ ತಮ್ಮ ಹುಟ್ಟುಹೆಸರಿನ ಪಾಸ್‌ಪೋರ್ಟ್ ಕೇಳಿ, ಸಿಗದೆ, 1921ರಲ್ಲಿ ಲೂಸಿ ಸ್ಟೋನ್ ಹೆಸರಿನಲ್ಲಿ ಒಂದು ಸಂಘವನ್ನೇ ಕಟ್ಟಿದರು. ವಿವಾಹಿತೆಯೊಬ್ಬರಿಗೆ ಕೇವಲ ಸ್ವಂತ ಹೆಸರಿನಲ್ಲಿ ಪಾಸ್‌ಪೋರ್ಟ್ ದೊರೆತದ್ದು 1925ರಲ್ಲಿ, ಡೋರಿಸ್ ಫ್ಲೈಶ್ಮನ್ ಅವರಿಗೆ. ‘ಇಂಥವರ ಪತ್ನಿ’ ಎಂದು ನಮೂದಿಸುವ ಪದ್ಧತಿಯನ್ನು ಅಲ್ಲಿನ ವಿದೇಶಾಂಗ ಇಲಾಖೆ ಕೈಬಿಟ್ಟದ್ದು 1937ರಲ್ಲಿ. ರಾಜ್ಯಗಳ ಕಚೇರಿಗಳು ಇನ್ನೂ ನಿಧಾನ. ಚಾಲನಾ ಪರವಾನಗಿಯಲ್ಲಿ ಗಂಡನ ಅಡ್ಡಹೆಸರೇ ಇರಬೇಕೆಂಬ ಅಲಬಾಮಾ ರಾಜ್ಯದ ನಿಯಮ 1972ರಲ್ಲಿಯೂ ಸರ್ವೋಚ್ಚ ನ್ಯಾಯಾಲಯದಲ್ಲಿ ಉಳಿದುಕೊಂಡಿತು. ಅದೇ ವರ್ಷ ಮೇರಿಲ್ಯಾಂಡ್‌ನ ಉನ್ನತ ನ್ಯಾಯಾಲಯ ಮೇರಿ ಸ್ಟುವರ್ಟ್ ಅವರ ಮೊಕದ್ದಮೆಯಲ್ಲಿ ಹಳೆಯ ತತ್ತ್ವವನ್ನು ಮತ್ತೆ ನೆನಪಿಸಿತು: ಮದುವೆಯಿಂದ ಹೆಸರು ತಾನಾಗಿ ಬದಲಾಗುವುದಿಲ್ಲ.

ಈ ಚರಿತ್ರೆ ನಮ್ಮನ್ನು ತಟ್ಟುವುದು ಇಲ್ಲಿಯೇ. ನಮ್ಮ ಹೆಸರುಗಳ ಕಟ್ಟಡವೇ ಬೇರೆ. ಹಳೆ ಮೈಸೂರಿನ ಕಡೆ ಊರಿನ ಮತ್ತು ತಂದೆಯ ಹೆಸರಿನ ಮೊದಲಕ್ಷರಗಳು, ನಡುವೆ ಅಡ್ಡಹೆಸರೆಂಬುದೇ ಇಲ್ಲ. ಮುಂಬಯಿ, ಪುಣೆಗಳ ದಾಖಲೆಗಳಲ್ಲಿ ವಿವಾಹಿತೆಯ ಹೆಸರಿನ ನಂತರ ಗಂಡನ ಹೆಸರು, ಕೊನೆಗೆ ಅಡ್ಡಹೆಸರು. ಅಮೆರಿಕದ ಅರ್ಜಿಗಳಿಗೆ ಗೊತ್ತಿರುವುದು ಎರಡು ಅಂಕಣಗಳು ಮಾತ್ರ. ಪಾಸ್‌ಪೋರ್ಟಿನಲ್ಲಿ ಒಂದೇ ಹೆಸರಿದ್ದವರ ವೀಸಾದಲ್ಲಿ ಆ ಹೆಸರು ಅಡ್ಡಹೆಸರಿನ ಅಂಕಣಕ್ಕೆ ಸರಿದು, ಸ್ವಂತ ಹೆಸರಿನ ಜಾಗದಲ್ಲಿ ‘ಮೊದಲ ಹೆಸರು ತಿಳಿದಿಲ್ಲ’ ಎಂಬುದರ ಸಂಕ್ಷೇಪವಾದ ಮೂರು ಇಂಗ್ಲಿಷ್ ಅಕ್ಷರಗಳು ಬೀಳುತ್ತವೆ. ತಾಯಿತಂದೆ ನಾಮಕರಣ ಮಾಡಿಟ್ಟ ಹೆಸರನ್ನು ಆ ದೇಶ ಅರಿಯದು ಎಂದಂತಾಯಿತು.

ಇದರಿಂದ ಪಾರಾಗಲು ಅನೇಕರು ಮದುವೆಯ ಗಡಿಬಿಡಿಯಲ್ಲಿಯೇ ಗಂಡನ ಅಡ್ಡಹೆಸರನ್ನು ಸೇರಿಸಿಬಿಡುತ್ತಾರೆ. ಹಾಗೆ ಮಾಡದಿದ್ದರೆ ವಾಸದ ಪರವಾನಗಿ ಸಿಗುವುದಿಲ್ಲವೆಂಬ ನಂಬಿಕೆಯೂ ಬಲವಾಗಿದೆ. ಅಮೆರಿಕದ ವಲಸೆ ಕಾನೂನು ಹಾಗೆ ಕೇಳುವುದಿಲ್ಲ. ಅದು ಕೇಳುವುದು ದಾಂಪತ್ಯ ನಿಜವಾದದ್ದೆಂಬ ಪುರಾವೆಯನ್ನು. ಒಂದೇ ಅಡ್ಡಹೆಸರು ಅಂಥ ಪುರಾವೆಗೆ ಅನಿವಾರ್ಯವಲ್ಲ. ಭಾರತದಲ್ಲಿಯೂ ಮದುವೆಯ ನಂತರ ಪಾಸ್‌ಪೋರ್ಟಿನ ಹೆಸರು ಬದಲಿಸಬೇಕಾಗಿಲ್ಲವೆಂದು 2017ರಲ್ಲಿ ಪ್ರಧಾನಿಯವರೇ ಪ್ರಕಟಿಸಿದರು.

ಬದಲಿಸಬಯಸುವವರು ಬದಲಿಸಲಿ, ಅದೂ ಅವರ ಸ್ವಾತಂತ್ರ್ಯವೇ. ಆದರೆ ಪದವಿಪತ್ರ ಒಂದು ಹೆಸರಿನಲ್ಲಿ, ವಿಮಾನದ ಟಿಕೆಟ್ ಇನ್ನೊಂದರಲ್ಲಿ, ತವರಿನ ಆಸ್ತಿಪತ್ರ ಮತ್ತೊಂದರಲ್ಲಿ ಇದ್ದರೆ, ಮೂವರೂ ತಾನೊಬ್ಬಳೇ ಎಂದು ರುಜುವಾತುಪಡಿಸುವ ಹೊರೆ ಬೀಳುವುದು ಹೆಂಡತಿಯ ಮೇಲೆ ಮಾತ್ರ. ಗಂಡನ ಕಾಗದಗಳಲ್ಲಿ ಒಂದಕ್ಷರವೂ ಕದಲುವುದಿಲ್ಲ. ಪೌರತ್ವದ ಕಾಯಿದೆಗಳು ಈ ಅಸಮತೆಯನ್ನು 1922ರಲ್ಲಿಯೇ ಬಿಡಲಾರಂಭಿಸಿದವು. ನಮ್ಮ ಮನೆಗಳಲ್ಲಿ, ವಧುವಿನ ಹೊಸ ಹೆಸರನ್ನು ಅರ್ಜಿಯಲ್ಲಿ ತುಂಬುವ ಮೊದಲು ಅವಳನ್ನೊಮ್ಮೆ ಕೇಳುವ ಪದ್ಧತಿ ಇನ್ನೂ ಬೆಳೆಯಬೇಕಾಗಿದೆ.