ಎಣ್ಣಿ ಹೊಡೆದ ಹೊಲ, ಹೊಟ್ಟೆಯೊಳಗಿನ ಜೀವಾಣು

ಹುನಗುಂದದ ಕಡೆ ಕೀಟನಾಶಕಕ್ಕೆ ಜನ ಇಟ್ಟ ಹೆಸರು ‘ಎಣ್ಣಿ’. ಸಿಂಪಡಿಸುವುದೆಂದರೆ ‘ಎಣ್ಣಿ ಹೊಡಿಯೋದು’. ವಿಷಕ್ಕೆ ಅಡುಗೆಮನೆಯ ಹೆಸರು ಬಂದದ್ದು ವಿಚಿತ್ರವೇ. ಆ ಎಣ್ಣಿ ಇಷ್ಟು ಮನೆಮಾತಾಗುವುದರಲ್ಲಿ ಹತ್ತಿಯ ಪಾಲು ದೊಡ್ಡದು.

ಇಳಕಲ್ಲಿನ ಮಗ್ಗಗಳ ಸುತ್ತಣ ಎರೆಭೂಮಿಗೆ ಹೊಂದಿದ್ದು ಜಯಧರದಂಥ ನಾಡಹತ್ತಿ. ಎಳೆ ಗಿಡ್ಡ, ಇಳುವರಿ ಕಡಿಮೆ. ಆದರೆ ಮಳೆ ಕೈಕೊಟ್ಟರೂ ತಾಳುತ್ತಿತ್ತು, ಹುಳಕ್ಕೆ ಸುಲಭವಾಗಿ ಸೋಲುತ್ತಿರಲಿಲ್ಲ. 1972ರಲ್ಲಿ ಧಾರವಾಡದ ಸಂಶೋಧಕರು ಎರಡು ಬೇರೆ ಜಾತಿಯ ಹತ್ತಿಗಳನ್ನು ಕೂಡಿಸಿ ‘ವರಲಕ್ಷ್ಮಿ’ಯನ್ನು ಕೊಟ್ಟರು. ಉದ್ದನೆಯ ಎಳೆ, ಒಳ್ಳೆಯ ಬೆಲೆ. 1981ರಲ್ಲಿ ಡಿ.ಸಿ.ಎಚ್. 32 ಬಂತು. ಇವುಗಳ ಬೆನ್ನಿಗೇ ಕಾಯಿಕೊರಕ ಹುಳವೂ ಬಂತು, ಅದರ ಹಿಂದೆ ಎಣ್ಣಿಯ ಡಬ್ಬಿ. 2002ರ ಬಿ.ಟಿ. ಹತ್ತಿ ಕೆಲಕಾಲ ಕಾಯಿಕೊರಕವನ್ನು ತಡೆಯಿತು. ರಸ ಹೀರುವ ಕೀಟಗಳಿಗೆ ಅದು ಮದ್ದಾಗಲಿಲ್ಲ.

ಈ ವಿಷದ ಶಕ್ತಿ ಸರ್ಕಾರಕ್ಕೆ ಗೊತ್ತಿರಲಿಲ್ಲವೆನ್ನುವಂತಿಲ್ಲ. 1958ರಲ್ಲಿ ಕೇರಳದಲ್ಲಿ ಪ್ಯಾರಾಥಿಯಾನ್ ಬೆರೆತ ಆಹಾರ ತಿಂದು ನೂರಕ್ಕೂ ಹೆಚ್ಚು ಜನ ಸತ್ತಿದ್ದರು. ಕೀಟನಾಶಕ ಕಾಯ್ದೆ ಹುಟ್ಟಿದ್ದು ಅದಾಗಿ ಹತ್ತು ವರ್ಷಕ್ಕೆ, 1968ರಲ್ಲಿ. ಆದರೆ ಕಾಯ್ದೆ ಹೆದರಿದ್ದು ಒಂದೇ ದಿನ ಕೊಲ್ಲುವ ವಿಷಕ್ಕೆ. ದಿನವೂ ಚೂರುಚೂರಾಗಿ ಒಳಹೋಗುವ ವಿಷದ ಲೆಕ್ಕ ಬೇರೆ.

ಆ ಲೆಕ್ಕದ ಒಂದು ಪುಟ ತೆರೆದದ್ದು ಮದುರೆಯಲ್ಲಿ. ಅಲ್ಲಿನ ಕಾಮರಾಜ್ ವಿಶ್ವವಿದ್ಯಾಲಯದ ವಿಜ್ಞಾನಿಗಳು 2017ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕೀಟನಾಶಕದ ನೇರ ಸಂಪರ್ಕವಿದ್ದ ಹಳ್ಳಿಗರ ಪೈಕಿ ನೂರಕ್ಕೆ ಸುಮಾರು 18 ಮಂದಿಗೆ ಸಕ್ಕರೆ ಕಾಯಿಲೆಯಿತ್ತು. ಇಲ್ಲದವರಲ್ಲಿ ಸುಮಾರು 6. ಇಲಿಗಳಿಗೆ ಮೊನೊಕ್ರೊಟೊಫಾಸನ್ನು 180 ದಿನ ಅಲ್ಪ ಪ್ರಮಾಣದಲ್ಲಿ ಕೊಟ್ಟಾಗ, ಕರುಳಿನ ಬ್ಯಾಕ್ಟೀರಿಯಾಗಳೇ ಅದನ್ನು ಒಡೆದು ಅಸಿಟೇಟ್ ಮಾಡಿದವು. ಅದು ಯಕೃತ್ತಿನಲ್ಲಿ ಸಕ್ಕರೆಯ ತಯಾರಿಯನ್ನು ಹೆಚ್ಚಿಸಿತು. ಸಕ್ಕರೆ ಕಾಯಿಲೆಯೂ ಬಿ.ಪಿ.ಯೂ ಜೊತೆಜೊತೆಗೆ ಕಾಣಿಸಿಕೊಳ್ಳುವುದು ವೈದ್ಯರಿಗೆ ಹೊಸದಲ್ಲ. ಅದೇ ವರ್ಷ ಚೀನಾದಲ್ಲಿ ಬಿ.ಪಿ. ರೋಗಿಗಳ ಕರುಳಿನ ಜೀವಾಣುಗಳನ್ನು ಜೀವಾಣುರಹಿತ ಇಲಿಗಳಿಗೆ ಸೇರಿಸಿದಾಗ ಇಲಿಗಳ ರಕ್ತದೊತ್ತಡವೂ ಏರಿತು. ಇಲಿಯ ಮಾತು ಮನುಷ್ಯನಿಗೆ ತೀರ್ಪಲ್ಲ, ಸುಳಿವು. ಆದರೂ ಅಲ್ಲಗಳೆಯುವ ಸುಳಿವಲ್ಲ.

ಬಾದಾಮಿ ಬಳಿಯ ಬನಶಂಕರಿಯಲ್ಲಿ ಹೆಂಗಸರು ಬುಟ್ಟಿ ಹೊತ್ತು ಜೋಳದ ರೊಟ್ಟಿ, ಗಡಿಗೆ ಮೊಸರು ಮಾರುತ್ತಾರೆ. ಜೋಳದ ನಾರನ್ನು ಕರುಳಿನ ಜೀವಾಣುಗಳು ಹುದುಗಿಸಿ ಕೊಡುವ ಆಮ್ಲಗಳಿಗೆ ರಕ್ತನಾಳಗಳನ್ನು ಸಡಿಲಿಸುವ ಗುಣವಿದೆಯೆಂದು ಈಗ ತಿಳಿದುಬಂದಿದೆ. ಅದೇ ರೊಟ್ಟಿಯನ್ನು ಎಣ್ಣಿ ಹೊಡೆದ ಕೈಯಿಂದಲೇ ಬದುವಿನ ಮೇಲೆ ಕೂತು ತಿಂದರೆ, ನಾರು ಮತ್ತು ವಿಷ ಎರಡೂ ಒಂದೇ ಜೀವಾಣುಗಳ ಪಾಲಿಗೆ ಹೋಗುತ್ತವೆ.

ಪಂಪು ಹೊತ್ತವನಿಗೆ ಮೂಗಿಗೊಂದು ಬಟ್ಟೆಯಾದರೂ ಇರುತ್ತದೆ. ಹೊಡೆದ ಹೊಲಕ್ಕೆ ಮರುದಿನವೇ ಕಳೆ ತೆಗೆಯಲು, ಹತ್ತಿ ಬಿಡಿಸಲು ಇಳಿಯುವ ಹೆಂಗಸರಿಗೆ ಅದೂ ಇಲ್ಲ. ಅವರು ಬಿಡಿಸಿದ ಹತ್ತಿ ಸಂಜೆ ಉಡಿಯಲ್ಲೇ ಬರುತ್ತದೆ.