ಹಾಟ್‌ರಾಡ್ ಗೆಳೆಯರ ಕೂಟಗಳು: ನಮ್ಮ ನೆರೆಹೊರೆಯ ಒಂದು ಚರಿತ್ರೆ

ನಮ್ಮ ಸಂಘ ಇನ್ನೂ ಅಂಬೆಗಾಲಿಡುತ್ತಿದ್ದ ಕಾಲ. ಬೇ ಏರಿಯಾದ ಕನ್ನಡಿಗರ ಜೊತೆ ಗಣೇಶನ ಹಬ್ಬ ಮುಗಿಸಿಕೊಂಡು ನಾಲ್ಕು ಕಾರುಗಳಲ್ಲಿ ಲಾಸ್ ಏಂಜಲಿಸ್‌ಗೆ ಹಿಂದಿರುಗುತ್ತಿದ್ದೆವು. ಐದನೆಯ ನಂಬರಿನ ಫ್ರೀವೇಯಲ್ಲಿ ಬರುವ ಗ್ರೇಪ್‌ವೈನ್ ಏರು ನಿಮಗೆಲ್ಲ ಗೊತ್ತೇ ಇದೆ. ಏರ್ ಕಂಡಿಷನರ್ ನಿಲ್ಲಿಸಿ ಎಂದು ಅಲ್ಲಿ ಫಲಕ ಹಾಕಿದ್ದಾರೆ. ಸೆಖೆಯಲ್ಲಿ ಅದನ್ನು ಪಾಲಿಸುವವರಾರು? ನಾಲ್ಕನೆಯ ಕಾರು, ಸೆಕೆಂಡ್ ಹ್ಯಾಂಡಿನದು, ಅರ್ಧ ಏರಿನಲ್ಲಿ ಹಬೆ ಕಾರುತ್ತ ನಿಂತಿತು. ಮುಂದಿನ ಮೂರು ಕಾರಿನವರಿಗೆ ಗೊತ್ತೇ ಆಗಲಿಲ್ಲ, ಹೋಗಿಯೇಬಿಟ್ಟರು. ಬಾನೆಟ್ಟು ಎತ್ತಿ ರೇಡಿಯೇಟರಿನ ಮುಚ್ಚಳ ತೆಗೆಯಲು ಹೊರಟಾಗ ಹಿಂದಿನಿಂದ ಯಾರೋ "ಮುಟ್ಟಬೇಡಿ!" ಎಂದು ಕೂಗಿದರು. ನೋಡಿದರೆ ಮಡ್‌ಗಾರ್ಡೂ ಇಲ್ಲದ, ಮೇಲ್ಛಾವಣಿಯೂ ಇಲ್ಲದ ಹಳೆಯ ಫೋರ್ಡು, ಅದರಿಂದ ಇಳಿದು ಬರುತ್ತಿದ್ದ ನರೆಗೂದಲಿನ ಅಜ್ಜ. ಆತ ನಮ್ಮನ್ನು ಮುಕ್ಕಾಲು ಗಂಟೆ ಕಾಯಿಸಿದರು. ಆಮೇಲೆ ಫ್ಯಾನ್ ಬೆಲ್ಟು ಬಿಗಿ ಮಾಡಿ, ತಮ್ಮ ಕ್ಯಾನಿನಿಂದ ನೀರು ತುಂಬಿ, ದುಡ್ಡು ಬೇಡವೆಂದು ಕೈಗೊಂದು ಚಿಕ್ಕ ಕಾರ್ಡು ಕೊಟ್ಟರು. ಇಂಥ ಕಾರ್ ಕ್ಲಬ್ಬಿನ ಸದಸ್ಯರೊಬ್ಬರು ನಿಮಗೆ ನೆರವಾಗಿದ್ದಾರೆ ಎಂದು ಅದರಲ್ಲಿ ಅಚ್ಚಾಗಿತ್ತು.

ಆ ಕಾರ್ಡಿನ ಪೂರ್ವಕಥೆಯನ್ನು ಹುಡುಕುತ್ತ ಹೋದಾಗ ನಮಗೆ ಸಿಕ್ಕ ಚರಿತ್ರೆ ಇದು.

1908ರಿಂದ 1927ರವರೆಗೆ ಫೋರ್ಡ್ ಕಂಪನಿ ಮಾಡೆಲ್ ಟಿ ಕಾರುಗಳನ್ನು ಒಂದೂವರೆ ಕೋಟಿಗೂ ಮಿಕ್ಕಿ ತಯಾರಿಸಿತು. ಮೂವತ್ತರ ದಶಕದಲ್ಲಿ ಹಳೆಯ ಫೋರ್ಡುಗಳು ಬಡ ಹುಡುಗರ ಕೈಗೂ ಎಟುಕುತ್ತಿದ್ದವು. ಅವರು ಮಡ್‌ಗಾರ್ಡು, ಛಾವಣಿ, ಮುಂದಿನ ಗಾಜು ಎಲ್ಲವನ್ನೂ ಕಳಚಿ ಭಾರ ಇಳಿಸಿದರು. ಮಾಡೆಲ್ ಟಿಯ ಎಂಜಿನ್ನಿಗೆ 20 ಅಶ್ವಶಕ್ತಿ. 1932ರಲ್ಲಿ ಫೋರ್ಡ್ ಹೊರತಂದ ವಿ-8 ಎಂಜಿನ್ನಿಗೆ 65. ಹುಡುಗರಿಗೆ ಇನ್ನೇನು ಬೇಕು! ಮೊಹಾವಿ ಮರುಭೂಮಿಯ ಮ್ಯೂರಾಕ್ ಎಂಬ ಒಣಗಿದ ಕೆರೆಯಂಗಳದಲ್ಲಿ ಹತ್ತಾರು ಕಾರುಗಳು ಧೂಳೆಬ್ಬಿಸಿಕೊಂಡು ಒಟ್ಟಿಗೇ ಓಡುತ್ತಿದ್ದವು. ಹಿಂದಿನವನಿಗೆ ಮುಂದಿನವನು ಕಾಣುತ್ತಿರಲಿಲ್ಲ, ಅಪಘಾತಗಳಾದವು. ಆಗ ಹಲವು ಕ್ಲಬ್ಬುಗಳು ಕೂಡಿ 1937ರ ನವೆಂಬರಿನಲ್ಲಿ ಸದರ್ನ್ ಕ್ಯಾಲಿಫೋರ್ನಿಯಾ ಟೈಮಿಂಗ್ ಅಸೋಸಿಯೇಷನ್ ಎಂಬ ಒಕ್ಕೂಟ ಕಟ್ಟಿಕೊಂಡವು. ಸರದಿಯ ಮೇಲೆ ಓಡುವುದು, ಗಡಿಯಾರಕ್ಕೆ ಎದುರಾಗಿ ಓಡುವುದು, ನಿಯಮ ಮೀರಿದವನನ್ನು ಹೊರಗಿಡುವುದು. ಮ್ಯೂರಾಕ್ ಮುಂದೆ ಸೇನೆಯ ಪಾಲಾಯಿತು. 1981ರಲ್ಲಿ ಕೊಲಂಬಿಯಾ ನೌಕೆ ಬಂದಿಳಿದದ್ದು ಅದೇ ಒಣ ಕೆರೆಯ ಮೇಲೆ.

ಯುದ್ಧ ಮುಗಿದ ಮೇಲೆ ಈ ಹುಡುಗರ ಸಂಖ್ಯೆ ಬೆಳೆಯಿತು, ಅಪಕೀರ್ತಿಯೂ ಬೆಳೆಯಿತು. ಬೀದಿಯಲ್ಲಿ ಪಂದ್ಯ ಕಟ್ಟುವ ಪುಂಡರು ಎಂದು ಪತ್ರಿಕೆಗಳು ಬರೆದವು. ಆ ಮಾತಿನಲ್ಲಿ ನಿಜವೂ ಇತ್ತು. 1948ರ ಜನವರಿಯಲ್ಲಿ ಒಕ್ಕೂಟ ಲಾಸ್ ಏಂಜಲಿಸ್‌ನಲ್ಲಿ ಪ್ರದರ್ಶನ ಏರ್ಪಡಿಸಿ ಜನರಿಗೆ ತನ್ನ ಕೆಲಸ ತೋರಿಸಿತು. ಅದೇ ತಿಂಗಳು 'ಹಾಟ್ ರಾಡ್' ಪತ್ರಿಕೆ ಹುಟ್ಟಿತು. 1951ರಲ್ಲಿ ವಾಲಿ ಪಾರ್ಕ್ಸ್ ರಾಷ್ಟ್ರಮಟ್ಟದ ಸಂಸ್ಥೆ ಸ್ಥಾಪಿಸಿದರು. 1953ರಲ್ಲಿ ಪೊಮೋನಾದಲ್ಲಿ ಪೊಲೀಸರ ಸಹಕಾರದಿಂದಲೇ ಅದರ ಮೊದಲ ಅಧಿಕೃತ ಸ್ಪರ್ಧೆ ನಡೆಯಿತು.

ನಮಗೆ ಹೆಚ್ಚು ಹಿಡಿಸಿದ್ದು ಈ ಪಂದ್ಯಗಳಲ್ಲ, ಕ್ಲಬ್ಬುಗಳು ನಡೆಸುತ್ತಿದ್ದ ಭಾನುವಾರದ 'ರಿಲಯಬಿಲಿಟಿ ರನ್'. ಹೊರಡುವಾಗ ದಾರಿಯ ವಿವರದ ಹಾಳೆಯೊಂದನ್ನು ಕೊಡುತ್ತಿದ್ದರು. ವೇಗದ ಮಿತಿ ಮೀರದೆ, ಗೊತ್ತುಮಾಡಿದ ಹೊತ್ತಿಗೆ ಒಂದೊಂದು ತಪಾಸಣೆಯ ಜಾಗವನ್ನು ಮುಟ್ಟಬೇಕು. ತಡವಾದರೂ ಅಂಕ ಕಡಿತ, ಬೇಗ ಬಂದರೂ ಕಡಿತ! ಸುಧಾರಿಸಿದ ಕಾರು ಓಡುವುದಷ್ಟೇ ಅಲ್ಲ, ಮನೆಗೆ ಹಿಂದಿರುಗುತ್ತದೆ ಎಂದು ತೋರಿಸುವುದು ಅದರ ಗುರಿ.

ಹಿಂದಿರುಗುವುದು ಸುಲಭವಿರಲಿಲ್ಲ. ಆ ವಿ-8 ಎಂಜಿನ್ನಿನಲ್ಲಿ ಸುಟ್ಟ ಅನಿಲ ಹೊರಗೆ ಹೋಗುವ ದಾರಿ ಎಂಜಿನ್ನಿನ ಒಡಲಿನೊಳಗೇ, ನೀರಿನ ಮಗ್ಗುಲಲ್ಲೇ ಹಾದುಹೋಗುತ್ತಿತ್ತು. ಆ ಬಿಸಿಯೆಲ್ಲ ರೇಡಿಯೇಟರಿನ ತಲೆಯ ಮೇಲೆ. ಶಕ್ತಿ ಹೆಚ್ಚಿಸಲು ಸಿಲಿಂಡರುಗಳನ್ನು ಕೊರೆದು ಅಗಲಿಸಿದರೆ ಗೋಡೆ ತೆಳುವಾಗುತ್ತಿತ್ತು. ಎರಡು ಕಾರ್ಬ್ಯುರೇಟರ್ ಕೂರಿಸಿದರೆ ಎರಡನ್ನೂ ಹೊಂದಿಸುವಷ್ಟರಲ್ಲಿ ಸಂಜೆಯಾಗುತ್ತಿತ್ತು. ಇನ್ನೊಂದು ಕಾಟ, ಸೆಖೆಗೆ ಕೊಳವೆಯಲ್ಲೇ ಪೆಟ್ರೋಲು ಆವಿಯಾಗಿ ಎಂಜಿನ್ ನಿಲ್ಲುವುದು. ಅದಕ್ಕೆ ಮದ್ದು ಒದ್ದೆ ಬಟ್ಟೆ ಸುತ್ತುವುದು. ಆಗುಂಬೆಯ ಘಾಟಿಯಲ್ಲಿ ಅಂಬಾಸಿಡರ್ ಕಾರಿನ ಪೆಟ್ರೋಲ್ ಪಂಪಿಗೆ ಒದ್ದೆ ಟವೆಲು ಸುತ್ತಿದ್ದನ್ನು ಕಂಡ ನಮಗೆ ಇದನ್ನು ಓದಿ ನಗು ಬಂತು. ಎರಡು ಖಂಡಗಳಲ್ಲಿ ಒಂದೇ ಟವೆಲು!

ಒಬ್ಬನ ಕಾರು ನಿಂತರೆ ಕ್ಲಬ್ಬಿನವರೆಲ್ಲ ನಿಲ್ಲುತ್ತಿದ್ದರು. ಕ್ರಮೇಣ ಗುರುತಿಲ್ಲದವರ ಕಾರಿನ ಬಳಿಯೂ ನಿಲ್ಲತೊಡಗಿದರು. ಪುಂಡರೆಂಬ ಹೆಸರು ತೊಳೆದುಕೊಳ್ಳಲು ಅವರು ಹಂಚುತ್ತಿದ್ದದ್ದೇ ನಮ್ಮ ಕೈಗೆ ಬಂದಂಥ ಕಾರ್ಡು.

ಎಲ್ಲರಿಗೂ ಇಂಥ ಮನ್ನಣೆ ಬೇಗ ಸಿಗಲಿಲ್ಲ ಎಂಬುದನ್ನೂ ಹೇಳಬೇಕು. ಕಾರನ್ನು ನೆಲಕ್ಕೆ ತಗ್ಗಿಸಿ ನಿಧಾನವಾಗಿ ಸಾಗುವ ಲೋರೈಡರ್ ಪದ್ಧತಿ ಮೆಕ್ಸಿಕನ್ ಮೂಲದ ಕುಟುಂಬಗಳ ಬಡಾವಣೆಗಳಲ್ಲಿ ಬೆಳೆಯಿತು. ಅದರ ಮೇಲಿನ ರಾಜ್ಯದ ನಿರ್ಬಂಧ, ಊರೂರುಗಳ ನಿಷೇಧ ತೆರವಾದದ್ದು 2024ರ ಜನವರಿ 1ರಂದು.

ಗ್ರೇಪ್‌ವೈನಿನ ಆ ಅಜ್ಜ ಹೊರಡುವ ಮುನ್ನ, "ನಿಮ್ಮ ಜೊತೆಯವರು ಎಲ್ಲಿ?" ಎಂದು ಕೇಳಿದ್ದರು. ನಮ್ಮಲ್ಲಿ ಉತ್ತರವಿರಲಿಲ್ಲ. ಕೆಟ್ಟ ಕಾರಿನ ಕುಟುಂಬದವರು ನೊಂದು, ಸಂಘಕ್ಕೆ ಇನ್ನು ಬರುವುದಿಲ್ಲ ಎಂದರು. ಅವರ ಮನೆಗೆ ಹೋಗಿ, ಕಾಫಿ ಕುಡಿದು, ಕ್ಷಮೆ ಕೇಳಿ ಕರೆತರಲು ಎರಡು ತಿಂಗಳು ಬೇಕಾಯಿತು. ಮುಂದಿನ ಸಮಿತಿ ಸಭೆಯ ನಡಾವಳಿಯಲ್ಲಿ ಒಂದು ಸಾಲು ಬರೆದೆವು: ಪ್ರವಾಸದಲ್ಲಿ ಕೊನೆಯ ಕಾರು ಕಣ್ಣಿಗೆ ಬೀಳುವವರೆಗೆ ಮೊದಲ ಕಾರು ನಿಂತಿರತಕ್ಕದ್ದು. ಅಜ್ಜನ ಕಾರ್ಡನ್ನು ಅದೇ ಪುಟಕ್ಕೆ ಪಿನ್ ಮಾಡಿದ್ದೇವೆ. ತುಕ್ಕಿನ ಕಲೆ ಬಿಟ್ಟರೆ ಅಕ್ಷರ ಇನ್ನೂ ಸ್ಪಷ್ಟವಾಗಿದೆ.